ಬಾನೆಟ್ಟಿನ ಮೇಲಿನ ಡಾಕ್ಟರಮ್ಮ

ನೊರೆಯಣ್ಣನಿಗೆ ಆ ಹೆಸರು ಬಂದದ್ದು ಶಾಂಪೂ ಬಕೆಟ್ಟಿನಿಂದಲೋ ಅವನ ಬಾಯಿಂದಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಬಕೆಟ್ಟಿನ ನೊರೆ ನೀರು ಬಿಟ್ಟರೆ ಇಳಿಯುತ್ತದೆ, ಇವರದು ಇಳಿಯುವುದಿಲ್ಲ ಎಂದು ಅವನ ಹೆಂಡತಿ ಗಿರಾಕಿಗಳ ಎದುರೇ ಹೇಳಿದ್ದುಂಟು. ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಮಾತು ಬಾರದವನು ಅಂಗಡಿ ಯಾಕೆ ಇಡಬೇಕು?

ಹಲ್ಲಿನ ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಕಾರು ತೊಳೆಯುತ್ತಾರೆ. ತೊಳೆಯುವುದು ಎಂದು ಯಾರಾದರೂ ಅಂದರೆ ನೊರೆಯಣ್ಣನ ಮುಖ ಹುಳ್ಳಗಾಗುತ್ತದೆ. "ತೊಳೆಯೋದು ತಟ್ಟೆ ಲೋಟ ಸ್ವಾಮಿ. ಇಲ್ಲಿ ನಡೆಯೋದು ಡೀಟೇಲಿಂಗು," ಎನ್ನುತ್ತಾನೆ. ಆ ಪದದ ತೂಕಕ್ಕೆ ತಕ್ಕಂತೆ ದರವನ್ನೂ ಹೇಳುತ್ತಾನೆ. ಗಿರಾಕಿ ಪದಕ್ಕೆ ಹೆದರಿ ದರಕ್ಕೆ ಒಪ್ಪುತ್ತಾನೆ.

ಇದಕ್ಕೂ ಮೊದಲು ಅವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಕ್ಷೌರದಂಗಡಿಗೆ ಮೀಸೆ, ಬೇಕರಿಗೆ ಉಬ್ಬಿದ ಬ್ರೆಡ್ಡು, ಚಪ್ಪಲಿ ಅಂಗಡಿಗೆ ಇನ್ನೇನು ಎದ್ದು ನಡೆಯಬಹುದು ಎನ್ನುವಂಥ ಬೂಟು. ಫ್ಲೆಕ್ಸು ಬಂದದ್ದೇ ತಡ, ಕುಂಚಗಳೆಲ್ಲ ಅಟ್ಟ ಸೇರಿದವು. ಅಷ್ಟರಲ್ಲಿ ಮದುವೆಯಾಗಿತ್ತು. ಅದೂ ಬೋರ್ಡಿನ ಕೃಪೆಯೇ. ಒಂದು ಗ್ಯಾರೇಜಿನಲ್ಲಿ ಲಾರಿಯ ಬೆನ್ನಿಗೆ ಅಕ್ಷರ ಬರೆಯಲು ಹೋಗಿದ್ದವನು, ಗ್ಯಾರೇಜಿನ ಪೇಂಟರನ ಮಗಳು ಕಾರಿನ ಬಾಗಿಲನ್ನು ಮೊಣಕಾಲ ಮೇಲಿಟ್ಟುಕೊಂಡು ಬಣ್ಣ ಕೆರೆಯುವ ಉಪ್ಪುಕಾಗದ ಉಜ್ಜುವುದನ್ನು ನೋಡುತ್ತ ನಿಂತು, ಬರೆದ ಸಾಲನ್ನೇ ಮತ್ತೊಮ್ಮೆ ಬರೆದಿದ್ದ. ಲಾರಿಯವನು ಬೈದ. ಹುಡುಗಿ ನಕ್ಕಳು. ಮುಂದಿನದು ಹಿರಿಯರು ನೋಡಿಕೊಂಡರು.

ಹೀಗಾಗಿ ಶೆಡ್ಡಿನಲ್ಲಿ ಕೆಲಸ ಹಂಚಿಕೆಯಾಗಿದೆ. ನೀರು, ನೊರೆ, ಮಾತು ಅವನದು. ಗೀರು ತೆಗೆಯುವುದು, ಪಾಲಿಶು, ಯಾವ ಬಣ್ಣ ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಅವಳದು. ಬೋರ್ಡಿನ ಮೇಲೆ ಮಾತ್ರ ಅವನ ಹೆಸರು. ಬರೆದವನು ಅವನೇ ಆದ್ದರಿಂದ.

ಕುಂಚ ಬಿಟ್ಟರೂ ಬೆರಳಿನ ತುರಿಕೆ ಬಿಡಲಿಲ್ಲ. ಬೀದಿ ಬದಿಯಲ್ಲಿ ಧೂಳು ಹೊದ್ದು ನಿಂತ ಕಾರು ಕಂಡರೆ ಅವನ ತೋರುಬೆರಳು ತಾನಾಗಿ ಏಳುತ್ತದೆ. ಹಿಂದಿನ ಗಾಜಿನ ಮೇಲೆ ಒಂದು ಮುಖ: ಅಗಲ ಕಿವಿ, ಚಪ್ಪಟೆ ಮೂಗು, ಅಳುವ ಕಣ್ಣು. ಕಾರಿನವನು ಬಂದು ನೋಡಿ, ಸುತ್ತ ಯಾರೂ ನಗುತ್ತಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡು, ನೇರ ಶೆಡ್ಡಿಗೆ ಓಡಿಸಿಕೊಂಡು ಬರುತ್ತಾನೆ. ಬಿಟ್ಟಿ ಜಾಹೀರಾತು. ಪೇಪರಿನವರಿಗೂ ಹೊಳೆಯದ ಉಪಾಯ.

ಆದರೆ ಕಪ್ಪು ಕಾರಿನ ಮೈಮೇಲೆ ಮಾತ್ರ ಅವನು ಬೆರಳಿಡುತ್ತಿರಲಿಲ್ಲ. ಧೂಳೆಂದರೆ ಸಣ್ಣ ಮರಳು. ಒಣ ಧೂಳಿನ ಮೇಲೆ ಬೆರಳೆಳೆದರೆ ಬಣ್ಣದ ಮೇಲಿನ ತೆಳು ಪೊರೆ ಗೀರುತ್ತದೆ. ಬಿಳಿ ಕಾರು ಆ ಗೀರನ್ನು ನುಂಗಿಕೊಳ್ಳುತ್ತದೆ. ಕಪ್ಪು ಕಾರು ಬಿಸಿಲಿಗೆ ಬಂದ ಕೂಡಲೇ ಚಾಡಿ ಹೇಳುತ್ತದೆ. "ಕಪ್ಪು ಗಾಡೀನ ಒಣ ಬಟ್ಟೇಲಿ ಒರೆಸಿದೋನಿಗೆ ನಮ್ಮ ಶೆಡ್ಡಲ್ಲಿ ಪ್ರವೇಶ ಇಲ್ಲ," ಎಂದು ಅವನು ಗಿರಾಕಿಗಳಿಗೆ ಭಾಷಣ ಮಾಡುತ್ತಿದ್ದ. ಭಾಷಣ ಮಾಡುವವರಿಗೆ ಒಂದು ತೊಂದರೆ ಇದೆ. ಅವರು ತಮ್ಮ ಭಾಷಣ ಕೇಳಿಸಿಕೊಳ್ಳುವುದಿಲ್ಲ.

ಶೆಡ್ಡು ಹಲ್ಲಿನ ಡಾಕ್ಟರಮ್ಮನದು. ಕುಳ್ಳಗೆ, ಚುರುಕಾಗಿ, ಕೋಟಿನ ಜೇಬಿನಲ್ಲಿ ಪುಟ್ಟ ಟಾರ್ಚು ಇಟ್ಟುಕೊಂಡೇ ಓಡಾಡುವ ಹೆಂಗಸು. ತರಕಾರಿ ಕೊಳ್ಳುವಾಗಲೂ ಬದನೆಕಾಯಿಯ ಮೇಲೆ ಟಾರ್ಚು ಬಿಡುತ್ತಾಳೆಂದು ಜನ ಹೇಳುತ್ತಾರೆ. ಒಂದು ಸಂಜೆ ಆಕೆ ಶೆಡ್ಡಿಗೆ ಬಂದು ತಗಡು, ಕಂಬ, ಮೋರಿ ಎಲ್ಲ ನೋಡಿ, "ನಿಮ್ಮ ಭಾಮೈದ ಕೇಳ್ತಿದಾರೆ. ಅವರ ಮಿಶನ್ನಿಗೆ ಇನ್ನೊಂದು ಜಾಗ ಬೇಕಂತೆ. ಯೋಚನೆ ಮಾಡ್ತೀನಿ," ಎಂದಳು.

ಭಾಮೈದನೆಂದರೆ ಹೆಂಡತಿಯ ತಮ್ಮ. ರಸ್ತೆಯ ಆಚೆ ಬದಿಯಲ್ಲಿ ದೊಡ್ಡ ದೊಡ್ಡ ಬ್ರಷ್ಷುಗಳು ಗಿರಗಿರ ತಿರುಗುವ ಯಂತ್ರ ಇಟ್ಟಿದ್ದ. ಕಾರು ಒಂದು ಕಡೆ ಹೋಗಿ ಇನ್ನೊಂದು ಕಡೆ ಬಂದರೆ ಮುಗಿಯಿತು. ನೊರೆಯಣ್ಣನಿಗೆ ಯಂತ್ರದ ಮೇಲೆ ಸಿಟ್ಟಿರಲಿಲ್ಲ. ಆದರೆ ಈ ಶೆಡ್ಡು ಹೋದರೆ ಅವನ ಕಸುಬೇ ಹೋದಂತೆ. ಬಿಸಿಲಲ್ಲಿ ತೊಳೆದರೆ ಒರೆಸುವ ಮೊದಲೇ ನೀರು ಆರಿ ಉಂಗುರದಂಥ ಕಲೆ ಕೂರುತ್ತದೆ. ಈ ಶೆಡ್ಡಿಗೆ ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆ ಕಟ್ಟಡದ ನೆರಳು. ಅಂಥ ನೆರಳು ಊರಲ್ಲಿ ಮತ್ತೆಲ್ಲೂ ಖಾಲಿ ಇಲ್ಲವೆಂದು ಅವನು ಹುಡುಕಿ ನೋಡಿಯೇ ತಿಳಿದಿದ್ದ.

ಆ ಸಂಜೆ ಒಬ್ಬನೇ ಮನೆಗೆ ಹೋಗುವಾಗ ದಾರಿಯಲ್ಲಿ ಡಾಕ್ಟರಮ್ಮನ ಕಾರು ಕಂಡಿತು. ಕಡುಗಪ್ಪು. ಡ್ರೈವರು ಕೆಲಸ ಬಿಟ್ಟು ಹೋದ ಮೇಲೆ ಮರದಡಿ ನಿಂತೇ ಇತ್ತು. ಅದರ ಬಾನೆಟ್ಟಿನ ಮೇಲೆ ಧೂಳು ಎಷ್ಟು ನಯವಾಗಿ, ಎಷ್ಟು ಸಮವಾಗಿ ಕೂತಿತ್ತೆಂದರೆ ಹೊಸ ಸ್ಲೇಟು ನಾಚಬೇಕು. ಹೊಟ್ಟೆಯಲ್ಲಿ ಉರಿ, ಎದುರಿಗೆ ಸ್ಲೇಟು, ಬೀದಿಯಲ್ಲಿ ಯಾರೂ ಇಲ್ಲ. ಬೆರಳು ಎದ್ದಿತು. ದುಂಡು ಮುಖ, ದುಂಡು ಕನ್ನಡಕ, ಕಿವಿಯಿಂದ ಕಿವಿಗೆ ಬಾಯಿ, ಬಾಯಿ ತುಂಬ ಹಲ್ಲು, ಪಕ್ಕದಲ್ಲಿ ಮುಖಕ್ಕಿಂತ ದೊಡ್ಡ ಇಕ್ಕಳ. ಹಲ್ಲುಗಳು ಸರಿಯಾಗಿ ಮೂಡಲಿ ಎಂದು ಅವನು ಉಗುರನ್ನೂ ಉಪಯೋಗಿಸಿದ. ಮನೆಗೆ ಸೀಟಿ ಹೊಡೆಯುತ್ತ ಹೋದ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಆಸ್ಪತ್ರೆಯ ಕಾಂಪೌಂಡರು ಆ ಕಾರನ್ನು ಗೊರಗೊರ ಅನ್ನಿಸುತ್ತ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಹಿಂದೆಯೇ ಡಾಕ್ಟರಮ್ಮ.

"ನಾಳೆ ನಮ್ಮ ಕಾಲೇಜಿನ ಗೆಳತಿಯರೆಲ್ಲ ಸೇರ್ತೀವಿ. ಈ ಕೊಳಕಲ್ಲಿ ಹೋಗಿ ಇಳಿದ್ರೆ ನನ್ನ ಮಾನ ಏನಾಗ್ಬೇಕು? ಒಳಗಡೆ ನಾನೇ ಮಾಡ್ಕೋತೀನಿ. ಹೊರಗಡೆ ನಿಮಗೆ ಬಿಟ್ಟೆ. ಸಂಜೆ ಪೇಶೆಂಟು ಮುಗಿಸಿ ಬರ್ತೀನಿ. ಗಾಡಿ ಒಪ್ಪಿಗೆ ಆದ್ರೆ ಶೆಡ್ಡು ನಿಮಗೇ ಇರ್ಲಿ. ಇಲ್ಲಾಂದ್ರೆ ನಿಮ್ಮ ಭಾಮೈದನಿಗೆ ಹೂಂ ಅಂತೀನಿ."

ನೊರೆಯಣ್ಣನ ಕಣ್ಣು ಬಾನೆಟ್ಟಿನ ಮೇಲೇ ಇತ್ತು. ಹೊಸ ಧೂಳು, ಒಣಗಿದ ಎಲೆ, ಹಕ್ಕಿ ಹಿಕ್ಕೆ, ಮರದ ಅಂಟು ಎಲ್ಲ ಸೇರಿ ಚಿತ್ರದ ಗುರುತೂ ಉಳಿದಿರಲಿಲ್ಲ. ಅವನು ಒಳಗೊಳಗೇ ಎಲ್ಲ ಹಕ್ಕಿಗಳಿಗೂ ನಮಸ್ಕಾರ ಹಾಕಿದ.

"ಚಿಂತೆ ಬಿಡಿ ಮೇಡಂ. ನಿಮ್ಮ ಮುಖ ಅದ್ರಲ್ಲಿ ಕಾಣ್ಬೇಕು, ಹಾಗೆ ಮಾಡ್ತೀವಿ," ಎಂದವನು, ತಾನು ಏನು ಹೇಳಿದೆನೆಂದು ಹೊಳೆದು ಕೆಮ್ಮಿದ.

ಕೆಲಸ ಶುರುವಾಯಿತು. ಮೊದಲು ಚಕ್ರಗಳು. ಅದಕ್ಕೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಚಕ್ರದ ಕೊಳೆ ಬಾಗಿಲಿಗೆ ಬಂದರೆ ಹೆಂಡತಿ ಬಕೆಟ್ಟನ್ನು ಅವನ ತಲೆಗೇ ಹಾಕುತ್ತಾಳೆ. ಆಮೇಲೆ ಮೇಲಿನಿಂದ ಕೆಳಗೆ ಬರೀ ನೀರು. ಕಪ್ಪು ನೀರು ಮೋರಿಗೆ ಹರಿಯಿತು. ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಕಿ ನೆನೆಯಲು ಬಿಟ್ಟರು. ಆಮೇಲೆ ನೊರೆ. ಮೆತ್ತನೆಯ ಕೈಗವಸನ್ನು ಒಂದು ಸಲ ಶಾಂಪೂ ಬಕೆಟ್ಟಿಗೆ, ಒಂದು ಸಲ ಬರೀ ನೀರಿನ ಬಕೆಟ್ಟಿಗೆ ಅದ್ದಿ ಅದ್ದಿ ತೊಳೆದದ್ದಾಯಿತು. ಬಂಪರಿನ ಡಾಂಬರು ಚುಕ್ಕೆಗಳನ್ನು ನಾಳೆಗೆ ಬಿಡೋಣವೇ ಎಂದು ಅವನು ಎಂದಿನಂತೆ ಕೇಳಲಿಲ್ಲ. ಅವನು ಮಾತೇ ಆಡುತ್ತಿರಲಿಲ್ಲ. ಅದೇ ಹೆಂಡತಿಗೆ ಅನುಮಾನ ತಂದದ್ದು.

"ಹುಷಾರಿಲ್ವಾ?"

"ಚೆನ್ನಾಗೇ ಇದೀನಿ."

"ಮತ್ತೆ ಬಾಯಿ?"

"ಬಾಯಿಗೂ ರಜ ಬೇಡ್ವೇನೇ?"

ನೆರಳಲ್ಲಿ ಬಾನೆಟ್ಟು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಏನೂ ಇಲ್ಲ. ನೊರೆಯಣ್ಣನ ಉಸಿರು ಅರ್ಧ ಬಿಟ್ಟುಕೊಂಡಿತು. ಆದರೆ ಪಾಲಿಶಿಗೆ ಮೊದಲು ಕಾರನ್ನು ಒಂದು ಸಲ ಬಿಸಿಲಿಗೆ ತಳ್ಳಿ ನೋಡುವುದು ಹೆಂಡತಿಯ ಪದ್ಧತಿ; ಅಪ್ಪನ ಗ್ಯಾರೇಜಿನಿಂದ ಬಂದದ್ದು.

"ಇವತ್ತು ಬೇಡ ಬಿಡು, ಬಿಸಿಲು ಜಾಸ್ತಿ," ಎಂದ ಅವನು.

"ಬಿಸಿಲು ಜಾಸ್ತಿ ಇದ್ರೇನೇ ಕಾಣೋದು. ತಳ್ಳಿ."

ತಳ್ಳಿದ. ಶೆಡ್ಡಿನ ನೆರಳು ಬಾನೆಟ್ಟಿನಿಂದ ಜಾರುತ್ತ ಹೋದ ಹಾಗೆ, ತೆರೆ ಸರಿದಂತೆ, ಮೊದಲು ಇಕ್ಕಳ ಬಂತು. ಆಮೇಲೆ ಕಿವಿ. ಆಮೇಲೆ ಕನ್ನಡಕ. ಕೊನೆಗೆ ಬಾಯಿ ತುಂಬ ಹಲ್ಲು ಬಿಟ್ಟು, ಬೆಳ್ಳಿ ಗೆರೆಗಳಲ್ಲಿ, ಡಾಕ್ಟರಮ್ಮ ಇಬ್ಬರನ್ನೂ ನೋಡಿ ನಕ್ಕಳು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಚಿತ್ರ ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು.

"ಇಕ್ಕಳ ಚೆನ್ನಾಗಿ ಬಂದಿದೆ," ಎಂದಳು.

"ಹೌದಾ?" ನೊರೆಯಣ್ಣನ ಮುಖ ಒಂದು ಗಳಿಗೆ ಅರಳಿತು.

"ನಿಮ್ಮ ತಲೆ! ಕಪ್ಪು ಗಾಡಿ ಮೇಲೆ ಯಾರ್ರೀ ಬೆರಳಿಡ್ತಾರೆ? ಅದೂ ಯಾರ ಗಾಡಿ ಮೇಲೆ? ಒಳಗೆ ತಳ್ಳಿ, ಬೇಗ!"

ಆಮೇಲೆ ನಡೆದದ್ದು ಯುದ್ಧ. ಪಾಲಿಶ್ ಮಿಶನ್ನಿಗೆ ಸ್ಪಂಜಿನ ಪ್ಯಾಡು ಸಿಕ್ಕಿಸಿ, ಮದ್ದು ಹಚ್ಚಿ, ಹೆಂಡತಿ ಕೆನ್ನೆಯಿಂದ ಆರಂಭಿಸಿದಳು. ಸ್ವಲ್ಪ ಉಜ್ಜಿ, ಒರೆಸಿ, ಟ್ಯೂಬುಲೈಟು ಓರೆ ಹಿಡಿದು ನೋಡಿ, ಮತ್ತೆ ಉಜ್ಜಬೇಕು. ಕಿವಿಗಳು ಹೋದವು. ಕನ್ನಡಕ ಹೋಗುವ ಹೊತ್ತಿಗೆ ರಸ್ತೆ ದಾಟಿ ಭಾಮೈದ ಬರುವುದು ಕಾಣಿಸಿತು. ಕೈಯಲ್ಲಿ ಟೀ ಲೋಟ, ಮುಖದಲ್ಲಿ ಗೆದ್ದವನ ಕಳೆ.

ಹೆಂಡತಿ ಹಗ್ಗದ ಮೇಲಿದ್ದ ಬೆಡ್‌ಶೀಟನ್ನು ನೀರಿಗದ್ದಿ ಬಾನೆಟ್ಟಿನ ಮೇಲೆ ಎಳೆದಳು.

"ಏನ್ ಭಾವ, ಹೆಣ ಮುಚ್ಚಿದ ಹಾಗೆ ಮುಚ್ಚಿದೀರಲ್ಲ!"

ಇಷ್ಟು ಹೊತ್ತೂ ಮಂಕಾಗಿದ್ದ ನೊರೆಯಣ್ಣನಿಗೆ ಭಾಮೈದನ ದನಿ ಕೇಳಿದ್ದೇ ಜೀವ ಬಂತು. "ಮುಟ್ಟಬೇಡ! ಗಾಳಿ ತಾಗ್ಬಾರ್ದು. ಕಪ್ಪಿಗೆ ಮಾತ್ರ ಹಾಕೋ ಮದ್ದು. ಒದ್ದೆ ಬಟ್ಟೆ ಒಳಗೆ ಬಣ್ಣ ಉಸಿರಾಡ್ಬೇಕು."

"ಉಸಿರಾಡ್ಬೇಕಾ?"

"ಮತ್ತೆ? ನಿನ್ನ ಬ್ರಷ್ಷು ಮೂಗು ಮುಚ್ಚಿ ಹೊಡೆಯತ್ತೆ, ಅದಕ್ಕೇ ಗಾಡಿಗಳೆಲ್ಲ ಮಂಕಾಗೋದು. ದೊಡ್ಡ ದೊಡ್ಡ ಕಂಪನಿಯವರು ಈ ವಿಷ್ಯ ಹೊರಗೆ ಬಿಡಲ್ಲ. ನೀನು ನಮ್ಮವನು ಅಂತ ಹೇಳ್ದೆ."

ಭಾಮೈದ ಬೆಡ್‌ಶೀಟಿನ ಹತ್ತಿರ ಬಗ್ಗಿ ಮೂಸಿದ. "ಹತ್ತೀನಾ, ಪಾಲಿಯೆಸ್ಟರಾ?"

"ಹತ್ತಿ. ಅದೂ ಹಳೇದಾಗಿರ್ಬೇಕು."

"ಅಕ್ಕಾ, ಹೌದೇನೇ?"

"ಟೀ ಕುಡ್ದಾಯ್ತಲ್ಲ, ಹೊರಡೋ. ಕೆಲಸ ಇದೆ," ಎಂದಳು ಅಕ್ಕ. ಗಂಡನ ಪರ ಸುಳ್ಳು ಹೇಳಲಿಲ್ಲ, ತಮ್ಮನಿಗೆ ನಿಜವನ್ನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆಯಾಚೆ ಯಾರದೋ ಕಾರಿನ ಮೇಲೂ ಒಂದು ಒದ್ದೆ ಬೆಡ್‌ಶೀಟು ಬಿದ್ದಿತ್ತು. ಕಾರಿನವನು ಪಕ್ಕದಲ್ಲಿ ನಿಂತು ಏನೋ ಕೂಗಾಡುತ್ತಿದ್ದ.

ಊಟವಿಲ್ಲದೆ ಕೆಲಸ ನಡೆಯಿತು. ಇಕ್ಕಳ ಹೋಯಿತು. ಮುಖದ ದುಂಡು ಗೆರೆ ಹೋಯಿತು. ಹಲ್ಲುಗಳು ಮಾತ್ರ ಹೋಗಲೊಲ್ಲವು. ಬೆರಳಿನ ಗೆರೆ ಬೇರೆ, ಉಗುರಿನ ಗೆರೆ ಬೇರೆ. ಕೆಳಗಿನ ಸಾಲನ್ನು ಹೇಗೋ ಕಿತ್ತಳು. ಮೇಲಿನ ಸಾಲು ಬೇರೂರಿತ್ತು. ನೊರೆಯಣ್ಣ ಮಿಶನ್ನು ಕಸಿದುಕೊಂಡು ಮೈಭಾರವೆಲ್ಲ ಹಾಕಿ ಒತ್ತಿದ.

"ಸಾಕು."

"ಇನ್ನೊಂದೇ ಸುತ್ತು ಕಣೇ."

"ಸಾಕು ಅಂದ್ನಲ್ಲ. ಬಿಸಿ ನೋಡಿ, ಕೈಯಿಡಕ್ಕಾಗ್ತಿಲ್ಲ. ಇನ್ನು ಉಜ್ಜಿದ್ರೆ ಬಣ್ಣಾನೇ ಏಳತ್ತೆ."

"ಶೆಡ್ಡು ಹೋಗತ್ತೆ, ನಿನಗೆ ಬಣ್ಣದ ಚಿಂತೆ!"

ಮಿಶನ್ನು ಗೊರಕೆ ನಿಲ್ಲಿಸಿತು. ಅವನು ತಿರುಗಿ ನೋಡಿದರೆ ಹೆಂಡತಿಯ ಕೈಯಲ್ಲಿ ಪ್ಲಗ್ಗು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳತುದಿಗೆ ವ್ಯಾಕ್ಸು ತೆಗೆದುಕೊಂಡು, ಉಳಿದ ಗೆರೆಗಳಿಗೆ ಮೆತ್ತಗೆ ತುಂಬಿದಳು. ವ್ಯಾಕ್ಸು ಗೀರನ್ನು ವಾಸಿ ಮಾಡುವುದಿಲ್ಲ, ನಾಲ್ಕು ದಿನ ಮುಚ್ಚಿಡುತ್ತದೆ. ನೆರಳಲ್ಲಿ ನಿಂತು ನೋಡಿದರೆ ಮಗುವಿನ ಕೆನ್ನೆ. ಇಬ್ಬರೂ ಹಿಂದೆ ಸರಿದು ಅದನ್ನೇ ನೋಡುತ್ತಿದ್ದಾಗ ಡಾಕ್ಟರಮ್ಮನ ಚಪ್ಪಲಿಯ ಸದ್ದು ಕೇಳಿತು.

ಆಕೆ ಬಾನೆಟ್ಟಿನ ಮುಂದೆ ನಿಂತು ಹುಬ್ಬೇರಿಸಿದಳು. "ಕನ್ನಡಿ!"

"ತಮ್ಮ ಆಶೀರ್ವಾದ ಮೇಡಂ," ಎಂದ ನೊರೆಯಣ್ಣ. ಬಾಯಿ ಮತ್ತೆ ಅಂಗಡಿ ತೆರೆದಿತ್ತು.

ಆಕೆ ಬಾಗಿಲಿನ ಕಡೆ ನಡೆದಳು. ಅಲ್ಲಿ ನಿಂತಳು. ಬಾಗಿಲು ತೊಳೆದು ಒರೆಸಿದ್ದು ನಿಜ. ಆದರೆ ಬಣ್ಣ ಮಂಕು, ಹಳೆಯ ನೀರಿನ ಉಂಗುರಗಳು ಅಲ್ಲಲ್ಲೇ, ಕೆಳಗೆ ಡಾಂಬರಿನ ಚುಕ್ಕೆ ಹಾಗೆಯೇ. ದಿನವೆಲ್ಲ ಬಾನೆಟ್ಟಿಗೇ ಹೋಗಿತ್ತು. ಬಾನೆಟ್ಟು ಹೊಳೆದಷ್ಟೂ ಬಾಗಿಲು ಬೇರೆ ಯಾವುದೋ ಬಡ ಕಾರಿನಿಂದ ಸಾಲ ತಂದ ಹಾಗೆ ಕಾಣುತ್ತಿತ್ತು. ಅಳಿಸುವ ಭರದಲ್ಲಿ ಇಬ್ಬರಿಗೂ ಇದು ಹೊಳೆದಿರಲಿಲ್ಲ.

"ಬಾಗಿಲು ಯಾಕೆ ಹೀಗೆ?"

"ಮೇಡಂ, ಬಾಗಿಲು ಕೈಗೆ ಸಿಗೋದು. ಬಾನೆಟ್ಟು ಕಣ್ಣಿಗೆ ಸಿಗೋದು. ಗೆಳತಿಯರು ಎದುರಿಂದ ತಾನೇ ನೋಡೋದು?"

"ಹೌದಾ?" ಡಾಕ್ಟರಮ್ಮ ಜೇಬಿಗೆ ಕೈ ಹಾಕಿದಳು. "ನನ್ನ ಹತ್ರ ಕೆಲವರು ಬರ್ತಾರೆ. ಬಾಯೆಲ್ಲ ಹಳದಿ, ಒಂದು ಹಲ್ಲು ಮಾತ್ರ ಫಳಫಳ. ಬೆಳಿಗ್ಗೆಯಿಂದ ಅದನ್ನೇ ಉಜ್ಜಿರ್ತಾರೆ. ನಾನು ಟಾರ್ಚು ಮೊದಲು ಅಲ್ಲಿಗೇ ಬಿಡೋದು."

ಬಿಟ್ಟಳು. ಬೆಳಕು ಓರೆಯಾಗಿ ಬಾನೆಟ್ಟಿನ ಮೇಲೆ ಹರಿಯಿತು. ನಡುವೆ ಒಂದು ಕಡೆ, ತೆಳುವಾಗಿ, ಸಾಲಾಗಿ, ಬಾಗಿದ ಗೆರೆಗಳು. ಡಾಕ್ಟರಮ್ಮ ಬಗ್ಗಿ ನೋಡಿದಳು, ಎಡಕ್ಕೆ ತಿರುಗಿ ನೋಡಿದಳು.

"ಮೇಲಿನ ಸಾಲು," ಎಂದಳು.

ಹೆಂಡತಿ ವ್ಯಾಕ್ಸಿನ ಡಬ್ಬಿಗೆ ಮುಚ್ಚಳ ಹಾಕಿದಳು.

"ಬೆಕ್ಕು ಮೇಡಂ," ಎಂದ ನೊರೆಯಣ್ಣ. "ಮರದಡಿ ನಿಂತಿತ್ತಲ್ಲ. ಹತ್ತಿ ಇಳೀತವೆ. ಉಗುರು."

"ಬಾಚಿಹಲ್ಲು ಅಗಲವಾಗಿ, ಪಕ್ಕದ ಕೋರೆಹಲ್ಲು ಚೂಪಾಗಿ ಬರೆದಿದೆ ಈ ಬೆಕ್ಕು. ಓದಿದ ಬೆಕ್ಕು."

"ನಿಮ್ಮ ಮುಖ ಅಲ್ಲ ಮೇಡಂ ಅದು! ಖಂಡಿತ ಅಲ್ಲ!"

ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ನನ್ನ ಮುಖ ಅಂತ ನಾನೆಲ್ಲಿ ಅಂದೆ?" ಡಾಕ್ಟರಮ್ಮನ ದನಿ ಬಹಳ ಮೃದುವಾಗಿತ್ತು, ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಆಕೆ ಪೇಶೆಂಟುಗಳೊಡನೆ ಮಾತಾಡುವ ದನಿ. "ಈ ಬೀದೀಲಿ ಧೂಳಿನ ಮೇಲೆ ಮುಖ ಬರೆಯೋ ಬೆಕ್ಕು ಯಾವುದು ಅಂತ ಮಕ್ಕಳಿಗೂ ಗೊತ್ತು. ಅದು ಹೋಗ್ಲಿ. ಇಷ್ಟೆಲ್ಲ ಅಳಿಸಿದೋರು ಇದೊಂದು ಸಾಲು ಯಾಕೆ ಬಿಟ್ರಿ?"

ನೊರೆಯಣ್ಣ ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಮುಂದೆ ಬಂದಳು.

"ನಾನು ನಿಲ್ಲಿಸ್ದೆ ಮೇಡಂ. ಹಳೇ ಗಾಡಿ, ಮೇಲಿನ ಪೊರೆ ಮೊದಲೇ ತೆಳು. ಇನ್ನೊಂದು ಸುತ್ತು ಹಾಕಿದ್ದಿದ್ರೆ ಗೆರೆ ಹೋಗ್ತಿತ್ತು, ಜೊತೆಗೆ ಬಣ್ಣಾನೂ ಹೋಗ್ತಿತ್ತು. ಇವತ್ತು ನಿಮಗೆ ಕಾಣ್ತಿರಲಿಲ್ಲ. ಒಂದು ಬೇಸಿಗೆ ಕಳೆದ್ರೆ ಅಷ್ಟಗಲ ಬಿಳೀ ತೇಪೆ ಏಳ್ತಿತ್ತು."

"ಶೆಡ್ಡು ಹೋಗತ್ತೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಇವರು ಏನಂದ್ರು?"

"ಇನ್ನೊಂದೇ ಸುತ್ತು ಅಂದ್ರು. ಪ್ಲಗ್ ಕಿತ್ತೆ." ಸೊಂಟದಲ್ಲಿ ಸಿಕ್ಕಿಸಿದ್ದ ವೈರು ಇನ್ನೂ ಅಲ್ಲೇ ಇತ್ತು.

ಡಾಕ್ಟರಮ್ಮ ಆ ವೈರನ್ನು ನೋಡಿ ಗೊಳ್ಳನೆ ನಕ್ಕಳು. ಶೆಡ್ಡಿನ ತಗಡು ಅದುರುವಂಥ ನಗು. ಅಷ್ಟು ಸಣ್ಣ ಹೆಂಗಸಿನೊಳಗೆ ಅಷ್ಟು ದೊಡ್ಡ ನಗು ಇರಬಹುದೆಂದು ಬೀದಿಯಲ್ಲಿ ಯಾರೂ ಎಣಿಸಿರಲಿಲ್ಲ. "ನನ್ನ ಹತ್ರ ಕಲಿಯಕ್ಕೆ ಬರೋ ಹುಡುಗರಿಗೆ ಇದನ್ನೇ ಬಡ್ಕೊಳ್ಳೋದು ನಾನು. ಕೊರೆಯಕ್ಕೆ ಎಲ್ಲರಿಗೂ ಬರತ್ತೆ, ಸಾಕು ಅನ್ನೋವಾಗ ಕೈ ಎತ್ತಕ್ಕೆ ಬರಲ್ಲ. ನಿಮ್ಮ ತಮ್ಮನ ಮಿಶನ್ನೂ ನೋಡ್ಕೊಂಡು ಬಂದೆ. ಅದಕ್ಕಂತೂ ನಿಲ್ಲೋದೇ ಗೊತ್ತಿಲ್ಲ. ಮೇಲೆ ಬೆಡ್‌ಶೀಟು ಬೇರೆ ಹಾಕ್ತಿದಾರೆ, ಯಾಕೋ ಏನೋ."

ನೊರೆಯಣ್ಣ ಬಕೆಟ್ಟಿನೊಳಗೆ ಏನೋ ಬೀಳಿಸಿಕೊಂಡವನಂತೆ ಬಗ್ಗಿ ನೋಡಿದ.

"ಶೆಡ್ಡಿನ ಕರಾರು ಹೊಸದಾಗಿ ಬರೆಸ್ತೀನಮ್ಮಾ. ನಿಮ್ಮ ಹೆಸರಿಗೆ. ಇವರ ಹೆಸರಿಗಲ್ಲ. ಇವರನ್ನ ಕೆಲಸಕ್ಕೆ ಇಟ್ಕೊಳ್ಳೋದು ಬಿಡೋದು ನಿಮ್ಮಿಷ್ಟ."

ಶೆಡ್ಡು ಉಳಿಯಿತು. ನೊರೆಯಣ್ಣನ ಎದೆಯಿಂದ ಒಂದು ಕಲ್ಲು ಇಳಿಯಿತು, ತಲೆಯ ಮೇಲೆ ಇನ್ನೊಂದು ಕೂತಿತು. ಅವನು ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿದ.

"ಏನೇ, ಇಟ್ಕೋತೀಯಾ?"

"ನೋಡೋಣ. ಮೊದಲು ಬಾಗಿಲು ಮುಗಿಸಿ. ನಾಲ್ಕೂ. ಮೇಡಂಗೆ ಬೆಳಿಗ್ಗೆ ಬೇಕು." ಅವಳು ಸೊಂಟದ ಪ್ಲಗ್ಗನ್ನು ತೆಗೆದು ಗೋಡೆಗೆ ಸಿಕ್ಕಿಸಿದಳು. ಮಿಶನ್ನು ಅವನ ಕೈಯಲ್ಲಿ ಬೆಚ್ಚಿ ಎದ್ದಿತು.

ಡಾಕ್ಟರಮ್ಮ ಹೊರಡಲಿಲ್ಲ. ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡು ಒಂದು ಹೆಜ್ಜೆ ಹತ್ತಿರ ಬಂದಳು.

"ಒಂದು ಮಾತು. ಉಳಿದದ್ದು ಹೇಗಿತ್ತು? ಚೆನ್ನಾಗಿ ಬಂದಿತ್ತಾ ನಾನು?"

ನೊರೆಯಣ್ಣನ ನಾಲಿಗೆಯ ತುದಿಗೆ ಕಿವಿ, ಕನ್ನಡಕ, ಇಕ್ಕಳ ಎಲ್ಲ ಒಟ್ಟಿಗೇ ಬಂದು ನೂಕಾಡಿದವು. ಹೇಳಲೇ ಎಂಬಂತೆ ಅವನು ಹೊಸ ಯಜಮಾನಿಯ ಮುಖ ನೋಡಿದ. ಯಜಮಾನಿ ಬೇಡವೆಂದು ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿಕೊಂಡು ಬಾಗಿಲಿನ ಕಡೆ ತಿರುಗಿದ.